ಆಡಿನ ತೊಗಲು, ತೆಳ್ಳನೆ ಪರ್ಸು

ನನ್ನ ಕೆಲಸದ ಮೇಜಿನ ಮೇಲೆ ಎರಡು ಚರ್ಮದ ಪಟ್ಟಿಗಳು ಯಾವಾಗಲೂ ಇರುತ್ತವೆ. ಎರಡೂ ಎರಡು ಬೆರಳು ಅಗಲ, ಒಂದು ಗೇಣು ಉದ್ದ. ಗೇಜಿನಲ್ಲಿ ಹಿಡಿದು ನೋಡಿದರೆ ಎರಡರದ್ದೂ ದಪ್ಪ 1 ಮಿಲಿಮೀಟರ್. ಅವನ್ನು ಜೋಡಿಯಾಗಿಟ್ಟು, ಮೇಜಿನ ಅಂಚಿನಿಂದ ನಾಲ್ಕು ಬೆರಳಷ್ಟು ಹೊರಗೆ ಚಾಚುತ್ತೇನೆ. ಒಂದು ಪಟ್ಟಿ ಬಾಡಿದ ಬಾಳೆ ಎಲೆಯ ಹಾಗೆ ಜೋತು ಬೀಳುತ್ತದೆ. ಇನ್ನೊಂದು ತಾಳೆಗರಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಪರ್ಸು ಮಾಡಿಸಲು ಬಂದವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಬಣ್ಣ, ಹೊಲಿಗೆ, ಹೆಸರಿನ ಅಚ್ಚು, ಎಲ್ಲವೂ ಆಮೇಲಿನ ಮಾತು.

ನಮ್ಮೂರು ಸೋಮನಹಳ್ಳಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರಿಗೆ ಮುಂಚೆ ಸಿಗುತ್ತದೆ. ಊರಿನ ಹೆಸರು ಹೇಳಿದರೆ ಎಲ್ಲರಿಗೂ ಎಸ್‌.ಎಂ. ಕೃಷ್ಣ ಅವರ ನೆನಪು ಬರುತ್ತದೆ. ಅವರು 1932ರಲ್ಲಿ ಹುಟ್ಟಿದ ಊರು ಇದು. ನಮ್ಮದು ಇದೇ ಊರಿನ ಚರ್ಮದ ಕಸುಬಿನ ಮನೆ. ತಾತ ಎಕ್ಕಡ ಹೊಲಿಯುತ್ತಿದ್ದರು, ಎತ್ತಿನ ಕೊರಳಪಟ್ಟಿ ಮಾಡುತ್ತಿದ್ದರು, ಹಬ್ಬ ಬಂದರೆ ತಮಟೆಗೆ ಚರ್ಮ ಬಿಗಿಯುತ್ತಿದ್ದರು. ಅಪ್ಪ ಈ ಕೆಲಸ ಬಿಟ್ಟರು. ನಾನು ಬೆಂಗಳೂರಿನ ಚರ್ಮದ ಸಾಮಾನಿನ ಕಾರ್ಖಾನೆಯೊಂದರ ಕಟಿಂಗ್ ಟೇಬಲಿನಲ್ಲಿ ಹತ್ತೊಂಬತ್ತು ವರ್ಷ ದುಡಿದು, ಊರಿಗೆ ಬಂದು ಮತ್ತೆ ಹಿಡಿದೆ. ಈಗ ಮಾಡುವುದು ಹೆಚ್ಚಾಗಿ ಪರ್ಸುಗಳನ್ನೇ.

ಬರುವವರಲ್ಲಿ ಹೆಚ್ಚಿನವರು ಹುಡುಗರು. ಫೋನಿನಲ್ಲೇ ದುಡ್ಡು ಕೊಡುವ ಕಾಲ. ಅವರಿಗೆ ಬೇಕಾಗಿರುವುದು ಡಿಎಲ್, ಗಾಡಿಯ ಆರ್‌ಸಿ, ಒಂದೆರಡು ಬ್ಯಾಂಕ್ ಕಾರ್ಡು, ಮಡಿಸಿದ ನಾಲ್ಕು ನೋಟು ಇಡಲು ಜಾಗ. ‘ಅಣ್ಣ, ತೆಳ್ಗಿರ್ಬೇಕು. ಜೇಬಲ್ಲಿ ಇಟ್ರೆ ಗೊತ್ತೇ ಆಗ್ಬಾರ್ದು. ಆದ್ರೆ ಬಟ್ಟೆ ಥರ ಜೋಲ್ಬಾರ್ದು ನೋಡಿ’ ಎನ್ನುತ್ತಾರೆ. ಹೇಳಿದ ಮೇಲೆ ತಮಗೇ ಅನುಮಾನ ಬಂದವರಂತೆ, ‘ಎರಡೂ ಒಟ್ಟಿಗೆ ಆಗತ್ತಾ ಅಣ್ಣ?’ ಎಂದು ಕೇಳುತ್ತಾರೆ. ಆಗುತ್ತದೆ. ಆದರೆ ತೆಳುವನ್ನು ಗೇಜಿನಲ್ಲಿ ಅಳೆಯಬಹುದು, ಗಟ್ಟಿತನಕ್ಕೆ ನನ್ನ ಹತ್ತಿರ ಅಂಥ ಗೇಜು ಇಲ್ಲ. ಅದು ಚರ್ಮದ ನಾರಿನಲ್ಲಿ ಮತ್ತು ಹದದಲ್ಲಿ ಇರುವಂಥದ್ದು.

ತಾತ ಇದನ್ನು ನನಗೆ ತಮಟೆಯಲ್ಲಿ ಕಲಿಸಿದರು. ಒಣಗಿದ ಆಡಿನ ಚರ್ಮವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ನಡುಬೆರಳಿನಿಂದ ಟಕ್ಕನೆ ಮೀಟಿ ಕಿವಿಗೆ ಹತ್ತಿರ ತರುತ್ತಿದ್ದರು. ಬೆನ್ನಿನ ಜಾಗದಲ್ಲಿ ಮೀಟಿದರೆ ಒಂದು ಸದ್ದು, ಹೊಟ್ಟೆಯ ಜಾಗದಲ್ಲಿ ಮೀಟಿದರೆ ಮಂಕಾದ ಬೇರೊಂದು ಸದ್ದು. ‘ನೋಡ್ಲಾ ಮಗ, ದಪ್ಪ ಇದ್ದದ್ದೆಲ್ಲ ಗಟ್ಟಿ ಅಲ್ಲ. ನಾರು ಬಿಗಿ ಇರ್ಬೇಕು ಕಣ್ಲಾ’ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಸೂಪರ್‌ವೈಸರು ದೊಡ್ಡ ದೊಡ್ಡ ಮಾತಿನಲ್ಲಿ ವಿವರಿಸಿದ್ದೂ ಇಷ್ಟನ್ನೇ.

ಚರ್ಮವನ್ನು ಅಡ್ಡಕ್ಕೆ ಕೊಯ್ದು ಅಂಚನ್ನು ನೋಡಿದರೆ ಎರಡು ಪದರ ಕಾಣುತ್ತದೆ. ಮೇಲೆ, ರೋಮವಿದ್ದ ಕಡೆ, ತೀರಾ ಸಣ್ಣ ನಾರಿನ ನುಣುಪಾದ ಪದರ. ಅಂದ ಇರುವುದು ಅಲ್ಲಿ. ಅದರ ಕೆಳಗೆ ದಪ್ಪ ನಾರುಗಳು ಒಂದರೊಳಗೊಂದು ಹೆಣೆದುಕೊಂಡ ಪದರ. ಬಲ ಇರುವುದು ಇಲ್ಲಿ. ಹಸು, ಎಮ್ಮೆಯಂಥ ದೊಡ್ಡ ದನದ ಚರ್ಮ ಪರ್ಸಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ದಪ್ಪ. ಅದನ್ನು 1 ಮಿಲಿಮೀಟರಿಗೆ ಇಳಿಸಬೇಕಾದರೆ ಯಂತ್ರದಲ್ಲಿ ಸೀಳಿ ಕೆಳಭಾಗವನ್ನು ತೆಗೆಯಬೇಕು. ಹೋಗುವುದು ಹೆಣಿಗೆಯ ನಾರು. ಉಳಿಯುವುದು ಬಹುಪಾಲು ಮೇಲಿನ ಅಂದದ ಪದರ. ಆಡಿನ ಚರ್ಮವಾದರೆ ಹುಟ್ಟಾ ತೆಳು. ಎರಡೂ ಪದರ ಪೂರ್ತಿ ಇದ್ದುಕೊಂಡೇ ಸುಮಾರು 1 ಮಿಲಿಮೀಟರ್ ಬರುತ್ತದೆ, ಸೀಳುವ ಕೆಲಸವೇ ಇಲ್ಲ. ನನ್ನ ಮೇಜಿನ ಮೇಲೆ ನೆಟ್ಟಗೆ ನಿಲ್ಲುವ ಪಟ್ಟಿ ಆಡಿನದು. ಜೋತು ಬೀಳುವುದು ದೊಡ್ಡ ಚರ್ಮವನ್ನು ಸೀಳಿ ಇಳಿಸಿದ್ದು.

ನಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆ ನಾಗಮಂಗಲದ ಕಡೆಯ ತೊಗಲುಗೊಂಬೆ. ಗೊಂಬೆಯ ಚರ್ಮವನ್ನು ದೀಪದ ಬೆಳಕು ಆಚೆ ಹಾಯುವಷ್ಟು ತೆಳುವಾಗಿ ಹೆರೆದಿರುತ್ತಾರೆ. ಹಾಗಿದ್ದೂ ಪರದೆಯ ಹಿಂದೆ ರಾಮನೂ ರಾವಣನೂ ಬಾಗದೆ ನಿಲ್ಲುತ್ತಾರೆ. ಅದನ್ನೇ ಪರ್ಸಿಗೆ ಹಾಕಬಹುದಲ್ಲ ಎಂದು ಒಬ್ಬರು ಕೇಳಿದ್ದರು. ಆಗುವುದಿಲ್ಲ. ಗೊಂಬೆಯ ತೊಗಲು ಪೂರ್ತಿ ಹದ ಮಾಡಿದ ಚರ್ಮವಲ್ಲ. ಹಸಿ ತೊಗಲನ್ನು ಹೆರೆದು, ಎಳೆದು ಕಟ್ಟಿ ಒಣಗಿಸಿದ್ದು. ಒಣಗಿದ್ದಾಗ ಹಪ್ಪಳದ ಹಾಗೆ ಬಿಗಿ, ಬೆವರು ತಾಗಿದರೆ ಮೆತ್ತಗೆ, ದಿನಕ್ಕೆ ಇಪ್ಪತ್ತು ಸಲ ಮಡಿಸಿದರೆ ಮಡಿಕೆಯಲ್ಲೇ ಬಿರುಕು. ಪರ್ಸಿಗೆ ಬಿಗಿ ಬೇಕು, ಬಾಗುವ ಗುಣವೂ ಬೇಕು.

ಕುರಿಯ ಚರ್ಮದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಪಕ್ಕದ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಹೆಸರು ಕೇಳದವರಿಲ್ಲ. ಗಿಡ್ಡ ಕಾಲು, ತುಂಬಿದ ಮೈ, ಮಾಂಸದ ರುಚಿಗೆ ಹೆಸರಾದದ್ದು. ಆ ರುಚಿಗೆ ಕಾರಣವಾಗುವ ಕೊಬ್ಬು ಕುರಿಯ ಚರ್ಮದೊಳಗೂ ಇರುತ್ತದೆ, ಸರಿಯಾಗಿ ಆ ಎರಡು ಪದರಗಳು ಸೇರುವ ಜಾಗದಲ್ಲಿ. ಹದ ಮಾಡುವಾಗ ಕೊಬ್ಬು ಕರಗಿ ಹೋಗುತ್ತದೆ, ಅದಿದ್ದ ಜಾಗ ಪೊಳ್ಳಾಗಿ ಉಳಿಯುತ್ತದೆ. ಅದಕ್ಕೇ ಕುರಿಯ ಚರ್ಮ ಕೈಗೆ ರೇಷ್ಮೆಯಂತೆ ಸಿಗುತ್ತದೆ, ಎಳೆದರೆ ಹಿಗ್ಗುತ್ತದೆ, ಹಿಗ್ಗಿದ್ದು ವಾಪಸ್ ಬರುವುದಿಲ್ಲ. ಜಾಕೆಟ್ಟಿಗೆ, ಕೈಗವಸಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಕಾರ್ಡು ಹಿಡಿದಿಡುವ ಜೇಬಿಗೆ ಅದಕ್ಕಿಂತ ಕೆಟ್ಟದ್ದಿಲ್ಲ.

ಊರಿಗೆ ಬಂದ ಮೊದಲ ವರ್ಷ ಮಳವಳ್ಳಿಯ ಕಡೆಯವರೊಬ್ಬರು ಮದುವೆಯಲ್ಲಿ ಉಡುಗೊರೆ ಕೊಡಲು ಮೂವತ್ತು ಪರ್ಸು ಹೇಳಿದ್ದರು. ನಾನು ಬೆಂಗಳೂರಿನಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಆಡಿನ ಚರ್ಮ ಕೇಳಿದೆ. ಆತ ಕೊಟ್ಟಿದ್ದರಲ್ಲಿ ಅರ್ಧ ಕುರಿಯದಾಗಿತ್ತು. ಅವಸರದಲ್ಲಿದ್ದೆ, ಮೃದುವಾಗಿದೆ, ಚೆನ್ನಾಗಿದೆ ಎಂದುಕೊಂಡು ಕತ್ತರಿಸಿಬಿಟ್ಟೆ. ಮೂರು ತಿಂಗಳಲ್ಲಿ ಪರ್ಸುಗಳು ವಾಪಸ್ ಬರತೊಡಗಿದವು. ಜೇಬಿನ ಬಾಯಿ ಅಗಲವಾಗಿ ಕಾರ್ಡುಗಳು ತಾವಾಗಿಯೇ ಜಾರಿ ಬೀಳುತ್ತಿದ್ದವು. ಒಬ್ಬರ ಲೈಸೆನ್ಸೇ ಕಳೆದುಹೋಗಿತ್ತು. ಹಾಳಾದಷ್ಟನ್ನೂ ಹೊಸದಾಗಿ ಮಾಡಿಕೊಟ್ಟೆ. ಆವತ್ತಿನಿಂದ ಚರ್ಮವನ್ನು ಬಿಸಿಲಿಗೆ ಹಿಡಿದು ರಂಧ್ರ ನೋಡದೆ ಕೊಳ್ಳುವುದಿಲ್ಲ. ಆಡಿನ ಚರ್ಮದಲ್ಲಿ ರೋಮದ ರಂಧ್ರಗಳು ಸಾಲುಸಾಲಾಗಿ, ಸಣ್ಣ ಕಮಾನುಗಳ ಹಾಗೆ ಕೂತಿರುತ್ತವೆ; ಮೇಲ್ಮೈ ಸವರಿದರೆ ರವೆಯ ಮೇಲೆ ಬೆರಳಾಡಿಸಿದಂತೆ. ಕುರಿಯದ್ದು ನುಣುಪು, ರಂಧ್ರಗಳಿಗೆ ಅಂಥ ಸ್ಪಷ್ಟ ಸಾಲಿಲ್ಲ.

ಇನ್ನು ಹದ. ಕನ್ನಡದಲ್ಲಿ ಈ ಮಾತು ಎಷ್ಟು ಚೆನ್ನಾಗಿದೆ. ಪಾಕಕ್ಕೆ ಹದ, ಮಣ್ಣಿಗೆ ಹದ, ಚರ್ಮಕ್ಕೂ ಹದ. ತಾತನ ಕಾಲದಲ್ಲಿ ಹದಕ್ಕೆ ಬೇಕಾದದ್ದೆಲ್ಲ ಬೇಲಿಯಲ್ಲೇ ಸಿಗುತ್ತಿತ್ತು. ಹಳದಿ ಹೂ ಬಿಡುವ ಆವರಿಕೆ ಗಿಡ, ಕೆಲವರು ತಂಗಡಿ ಅನ್ನುತ್ತಾರೆ, ಅದರ ತೊಗಟೆ, ಕರಿಜಾಲಿಯ ತೊಗಟೆ, ಅಂಗಡಿಯಿಂದ ತಂದ ಅಳಲೆಕಾಯಿ. ಇವುಗಳಲ್ಲಿರುವ ಒಗರು, ಅದೇ ಎಳೆ ಬಾಳೆಕಾಯಿ ಕಚ್ಚಿದರೆ ನಾಲಗೆ ಹಿಡಿಯುವ ಒಗರು, ಚರ್ಮದ ನಾರುಗಳ ನಡುವೆ ತುಂಬಿಕೊಂಡು ಅವನ್ನು ಕೊಳೆಯದಂತೆ ಕಾಪಾಡುತ್ತದೆ. ತುಂಬಿಕೊಳ್ಳುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ನಾರಿನ ನಡುವಿನ ಸಂದು ತುಂಬಿದ್ದರಿಂದ ಚರ್ಮಕ್ಕೆ ಮೈಕಟ್ಟು ಬರುತ್ತದೆ. ಒತ್ತಿ ಮಡಿಸಿದರೆ ಮಡಿಕೆ ನಿಲ್ಲುತ್ತದೆ. ಅಂಚನ್ನು ಒದ್ದೆ ಮಾಡಿ ಮರದ ತುಂಡಿನಿಂದ ಉಜ್ಜಿದರೆ ಗಾಜಿನಂತೆ ಹೊಳೆಯುತ್ತದೆ.

ಇನ್ನೊಂದು ದಾರಿ ಕ್ರೋಮ್. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ ಬೇಗ ತಯಾರಾಗುತ್ತದೆ, ಹಗುರ, ನೀರಿಗೂ ಬಿಸಿಗೂ ಜಗ್ಗುವುದಿಲ್ಲ. ನಮ್ಮ ಕಡೆಗೆ ಇದು ಬಂದದ್ದರ ಹಿಂದೆ ಬಾವಿಯ ಕಥೆ ಇದೆ. ಕಪಿಲೆ ಬಾವಿಯಲ್ಲಿ ಎತ್ತು ಕಟ್ಟಿ ನೀರೆತ್ತುತ್ತಿದ್ದ ಚರ್ಮದ ಚೀಲಗಳು ನೀರಲ್ಲಿ ನೆನೆದು ಬೇಗ ಹಾಳಾಗುತ್ತಿದ್ದವು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬವರು ಆ ಚೀಲಗಳಿಗಾಗಿಯೇ ಕ್ರೋಮ್ ಚರ್ಮದ ಪ್ರಯೋಗ ನಡೆಸಿದರು. ಅದೇ ಚಾಟರ್ಟನ್ ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದರು. ನೀರಿನ ಚೀಲಕ್ಕೆ ಸರಿಹೋದ ಮೆತ್ತನೆಯ ಗುಣವೇ ತೆಳ್ಳನೆ ಪರ್ಸಿಗೆ ತೊಡಕು. 1 ಮಿಲಿಮೀಟರಿಗಿಂತ ಕೆಳಗಿಳಿದರೆ ಬರೀ ಕ್ರೋಮ್ ಚರ್ಮ ರಬ್ಬರಿನಂತೆ ಪುಟಿಯುತ್ತದೆ, ಮಡಿಕೆ ಹಿಡಿಯುವುದಿಲ್ಲ. ಹೊರಗಿನ ಹೊದಿಕೆಗೆ ತೊಗಟೆಯ ಹದದ್ದು, ಅಥವಾ ಕ್ರೋಮ್ ಮಾಡಿ ಮೇಲೆ ತೊಗಟೆಯ ರಸ ಕುಡಿಸಿದ ಮಿಶ್ರ ಹದದ್ದು ತೆಗೆದುಕೊಳ್ಳುವುದು ಒಳ್ಳೆಯದು. ಬೆವರು ಜಾಸ್ತಿ ಇರುವವರಿಗೆ ನಾನು ಮಿಶ್ರವನ್ನೇ ಹೇಳುತ್ತೇನೆ. ಗುರುತು ಹಿಡಿಯಲು ಕೊಯ್ದ ಅಂಚು ನೋಡಿ: ಬಣ್ಣ ಒಳಗಿನವರೆಗೆ ಇಳಿಯದಿದ್ದರೆ ಕ್ರೋಮಿನ ಒಳಗು ನೀಲಿ ಬೂದು, ತೊಗಟೆಯದ್ದು ಕಂದು.

ತೊಗಟೆಯ ಹದ ನಮ್ಮ ನಾಡಿನಲ್ಲಿ ಪೂರ್ತಿ ಹೋಗಿಲ್ಲ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಗಳು ನಿಂತಿರುವುದೇ ಅದರ ಮೇಲೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. ಆ ಚರ್ಮ ಪರ್ಸಿಗೆ ತೀರಾ ದಪ್ಪ, ಆದರೆ ಹದದ ವಿದ್ಯೆ ಒಂದೇ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ ಶರಣರ ನಡುವೆ ಕೂತರು. ಚರ್ಮ ಹದ ಮಾಡುವ ಕುಲದಲ್ಲಿ ಹುಟ್ಟಿದವರು ಅವರು. ಎಂಟು ನೂರು ವರ್ಷದ ನಂತರ ನಮ್ಮಪ್ಪನಿಗೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದರು. ಅವರು ಕಸುಬು ಬಿಟ್ಟದ್ದು ಚರ್ಮ ಸಿಗದೆ ಅಲ್ಲ. ಆ ಲೋಟದಲ್ಲಿ ಕಾಫಿ ಕುಡಿಯಲಾರದೆ. ಅವರ ಜೊತೆಗೇ ನಮ್ಮ ಮನೆಯ ತೊಗಟೆಯ ಬಾನಿಯೂ ಹೋಯಿತು. ಈಗ ನಾನು ಬಳಸುವ ಚರ್ಮ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಕಡೆಯಿಂದ ಬೆಂಗಳೂರಿಗೆ ಬಂದದ್ದು. ಬೇಲಿಯ ಆವರಿಕೆ ಹಾಗೇ ಹೂ ಬಿಡುತ್ತಿದೆ.

ಲೆಕ್ಕಕ್ಕೆ ಬರೋಣ. ಬ್ಯಾಂಕ್ ಕಾರ್ಡು ಲೋಕದಲ್ಲೆಲ್ಲ ಒಂದೇ ಅಳತೆ: 85.6 ಮಿಲಿಮೀಟರ್ ಉದ್ದ, 54 ಅಗಲ, 0.76 ದಪ್ಪ. ಎರಡು ಮಡಿಕೆಯ ಪರ್ಸು, ಒಂದೊಂದು ಕಡೆಗೆ ಮೂರು ಕಾರ್ಡಿನ ಜೇಬು ಎಂದುಕೊಳ್ಳಿ. ಒಂದು ಕಡೆಯಲ್ಲಿ ಹೊರಮೈ, ಒಳಮೈ, ಮೂರು ಜೇಬು ಸೇರಿ ಐದು ಪದರ. ಎಲ್ಲಕ್ಕೂ 1.5 ಮಿಲಿಮೀಟರಿನ ಚರ್ಮ ಹಾಕಿದರೆ ಒಂದು ಕಡೆಗೆ 7.5, ಮಡಿಸಿದಾಗ 15. ಆರು ಕಾರ್ಡು ಹೊಕ್ಕರೆ ಮತ್ತೆ ನಾಲ್ಕೂವರೆ. ಸುಮಾರು 20 ಮಿಲಿಮೀಟರ್. ಜೇಬಿನಲ್ಲಿ ಸಾಬೂನು ಇಟ್ಟುಕೊಂಡ ಹಾಗೆ. ಅದೇ ಹೊರಮೈಗೆ ಮಾತ್ರ 1, ಉಳಿದ ನಾಲ್ಕು ಪದರಕ್ಕೆ 0.6 ಹಾಕಿದರೆ ಒಂದು ಕಡೆಗೆ 3.4, ಮಡಿಸಿದಾಗ 6.8, ಕಾರ್ಡು ಸೇರಿ ಹನ್ನೊಂದೂವರೆ ಮೀರುವುದಿಲ್ಲ. ಪರ್ಸು ದಪ್ಪವಾಗುವುದು ಒಳಗೆ ಕಾಣದ ಪದರಗಳಿಂದ. ಹೊರಗಿನದ್ದನ್ನೇ ಅತಿ ತೆಳು ಮಾಡಿ ಏನೂ ಪ್ರಯೋಜನವಿಲ್ಲ.

ಮಾಡಿದರೆ ನಷ್ಟವೇ. ಒಂದೇ ಚರ್ಮದ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಅದು ಬಾಗದೆ ನಿಲ್ಲುವ ಶಕ್ತಿ ಅರ್ಧವಾಗುವುದಿಲ್ಲ, ಸುಮಾರು ಎಂಟರಲ್ಲಿ ಒಂದು ಪಾಲಾಗುತ್ತದೆ. ಇದೇ ನಿಯಮವನ್ನು ತಿರುಗಿಸಿ ನಮ್ಮ ಅನುಕೂಲಕ್ಕೂ ಬಳಸಬಹುದು. 0.5ರ ಎರಡು ತುಂಡನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಗಟ್ಟಿತನ ಎರಡು ಪಟ್ಟು ಮಾತ್ರ. ಒಳಮೈಗೆ ಒಳಮೈ ಸೇರಿಸಿ ಸೊಲ್ಯೂಷನ್ ಹಚ್ಚಿ ಪೂರ್ತಿ ಅಂಟಿಸಿದರೆ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ಅದಕ್ಕೇ ಒಳ್ಳೆಯ ಪರ್ಸಿನ ಹೊರಮೈಗೆ ತೆಳ್ಳನೆಯ ಅಸ್ತರನ್ನು ಇಡಿಯಾಗಿ ಅಂಟಿಸಿರುತ್ತಾರೆ. ಮಡಿಕೆ ಬರುವ ನಡುಭಾಗದಲ್ಲಿ ಮಾತ್ರ ಪರ್ಸನ್ನು ಬಗ್ಗಿಸಿ ಹಿಡಿದುಕೊಂಡೇ ಅಂಟಿಸಬೇಕು. ಚಪ್ಪಟೆಯಾಗಿಟ್ಟು ಅಂಟಿಸಿದರೆ ಮಡಿಸಿದಾಗ ಅಸ್ತರು ಮುದುರಿಕೊಳ್ಳುತ್ತದೆ.

ನೋಟಿನ ಅಳತೆಯೂ ನಮ್ಮ ಕಡೆಗೇ ಬಂದಿದೆ. 2016ಕ್ಕೆ ಮುಂಚಿನ ಐನೂರರ ನೋಟು 167 ಮಿಲಿಮೀಟರ್ ಉದ್ದ, 73 ಅಗಲ ಇತ್ತು. ಈಗಿನದು 150ಕ್ಕೆ 66. ಹಳೆಯ ನೂರರ ನೋಟು ಅಲ್ಲಲ್ಲಿ ಇನ್ನೂ ಓಡಾಡುತ್ತಿದೆ, ಅದರ ಅಗಲ 73. ಹಾಗಾಗಿ ನೋಟಿನ ಜೇಬನ್ನು ನಾನು 80ಕ್ಕಿಂತ ಕಡಿಮೆ ಮಾಡುವುದಿಲ್ಲ.

ಚರ್ಮ ಸಿಕ್ಕಿದ ಮೇಲೆ ಎಲ್ಲಿಂದ ಕತ್ತರಿಸುತ್ತೀರಿ ಎನ್ನುವುದರಲ್ಲಿ ಅರ್ಧ ಕೆಲಸ ಇದೆ. ಒಂದು ಆಡಿನ ಚರ್ಮ ಸುಮಾರು ನಾಲ್ಕೈದು ಚದರಡಿ. ಬೆನ್ನಿನ ಎರಡೂ ಪಕ್ಕ ನಾರು ಬಿಗಿ, ಹೊಟ್ಟೆಯ ಕಡೆ ಸಡಿಲ. ಹೊರಮೈಯನ್ನೂ ಕಾರ್ಡಿನ ಜೇಬುಗಳನ್ನೂ ಬೆನ್ನಿನಿಂದಲೇ ತೆಗೆಯುತ್ತೇನೆ. ಹೊಟ್ಟೆಯ ಭಾಗ ಅಸ್ತರಿಗೆ, ಕೀಲಿಕೈಯ ಗೊಂಚಲಿಗೆ. ಚರ್ಮ ತಲೆಯಿಂದ ಬಾಲದ ಕಡೆಗೆ ಹಿಗ್ಗುವುದು ಕಡಿಮೆ, ಅಡ್ಡಕ್ಕೆ ಹಿಗ್ಗುವುದು ಜಾಸ್ತಿ. ಜೇಬಿನ ಬಾಯಿ ಬೆನ್ನುಮೂಳೆಯ ಉದ್ದಕ್ಕೇ ಬರುವಂತೆ ಇಟ್ಟು ಕೊಯ್ದರೆ ವರ್ಷಗಳಾದರೂ ಬಾಯಿ ಜೋಲುವುದಿಲ್ಲ. ಹೀಗೆ ಕೊಯ್ದರೆ ತುಂಡು ಜಾಸ್ತಿ ವ್ಯರ್ಥವಾಗುತ್ತದೆ. ಅಗ್ಗದ ಪರ್ಸು ಮಾಡುವವರು ಇದನ್ನು ನೋಡುತ್ತಾ ಕೂರುವುದಿಲ್ಲ.

ಅಂಚಿಗೆ ಮಾತ್ರ ತಾತನ ರಂಪಿಗೆಯೇ ಬೇಕು. ಹಿಡಿಯ ಮರ ಅವರ ಬೆವರಿಗೆ ಕಪ್ಪಾಗಿದೆ, ಅಲಗು ಮಸೆದು ಮಸೆದು ಅರ್ಧಕ್ಕೆ ಬಂದಿದೆ. ಚರ್ಮವನ್ನು ನಯವಾದ ಕಲ್ಲಿನ ಮೇಲೆ ಒಳಮೈ ಮೇಲಾಗಿ ಹಾಸಿ, ರಂಪಿಗೆಯನ್ನು ಮಲಗಿಸಿ ಹಿಡಿದು, ಹೊಲಿಗೆ ಬೀಳುವ ಅಂಚನ್ನಷ್ಟೇ ಹೆರೆಯುತ್ತೇನೆ. ಈರುಳ್ಳಿ ಸಿಪ್ಪೆಯಂಥ ಸುರುಳಿ ಏಳುತ್ತದೆ. ನಾಲ್ಕೈದು ಪದರ ಒಂದೇ ಹೊಲಿಗೆಯಲ್ಲಿ ಸೇರುವ ಜಾಗ ಅದು; ಅಲ್ಲಿ ಹೆರೆದರೆ ಪರ್ಸು ತೆಳು, ನಡುವೆ ಮುಟ್ಟದೆ ಬಿಟ್ಟರೆ ಪರ್ಸು ಗಟ್ಟಿ.

ಅಂಗಡಿಯಲ್ಲಿ ಸಿದ್ಧ ಪರ್ಸು ಕೊಳ್ಳುವವರು ಇದನ್ನೆಲ್ಲ ಹೇಗೆ ನೋಡುವುದು ಎಂದು ಕೇಳಬಹುದು. ‘ಜೆನ್ಯೂನ್ ಲೆದರ್’ ಎಂಬ ಅಚ್ಚನ್ನು ನಂಬಿ ದುಡ್ಡು ಕೊಡಬೇಡಿ. ಸೀಳಿ ಉಳಿದ ಕೆಳಪದರಕ್ಕೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟದ್ದಕ್ಕೂ ಆ ಅಚ್ಚು ಹಾಕುತ್ತಾರೆ. ಪರ್ಸಿನ ಮೇಲ್ಮೈಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಬಾಗಿಸಿ. ಕೂದಲೆಳೆಯಂಥ ಸಣ್ಣ ಸುಕ್ಕುಗಳು ಎದ್ದು, ಬಿಟ್ಟ ಕೂಡಲೇ ಮಾಯವಾದರೆ ನಾರು ಬಿಗಿ ಇದೆ. ದಪ್ಪ ದಪ್ಪ ಮಡಿಕೆ ಎದ್ದು, ಮೇಲಿನ ಪದರ ಬೇರೆಯಾಗಿ ಉಬ್ಬಿದಂತೆ ಕಂಡರೆ ಸಡಿಲ ಚರ್ಮ. ಹಾಗೇ ಇಟ್ಟು ಬನ್ನಿ. ಒಳಗಡೆ ಎಲ್ಲಾದರೂ ಕೊಯ್ದ ಅಂಚು ಕಾಣುತ್ತದೆಯೇ ನೋಡಿ: ನಾರು ಕಂಡರೆ ಚರ್ಮ, ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್. ಖಾಲಿ ಪರ್ಸನ್ನು ಬಿಡಿಸಿ ಒಂದು ತುದಿಯಲ್ಲಿ ಹಿಡಿದು ಅಡ್ಡಕ್ಕೆ ಚಾಚಿ; ಇನ್ನೊಂದು ತುದಿ ನೆಲ ನೋಡಬಾರದು. ಸರ್ಕಾರದ ಲಿಡ್ಕರ್ ನಿಗಮ 1976ರಿಂದ ಚರ್ಮದ ಕುಶಲಕರ್ಮಿಗಳಿಗಾಗಿಯೇ ಇದೆ, ಅದರ ಮಳಿಗೆಗಳಿವೆ. ಅಲ್ಲಿಯೂ ಹೀಗೇ ಬಾಗಿಸಿ ನೋಡಿಯೇ ಕೊಳ್ಳಿ. ಕೈಕೆಲಸದವನಿಗೆ ಅದರಿಂದ ಬೇಜಾರಾಗುವುದಿಲ್ಲ. ಚರ್ಮವನ್ನು ಮುಟ್ಟಿ ನೋಡಿ ಕೊಂಡವರು ಆ ಪರ್ಸನ್ನು ಕಾಪಾಡಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ತೊಗಟೆಯ ಹದದ ಹೊಸ ಪರ್ಸು ಮೊದಲ ದಿನ ಬಿಗಿಯಾಗಿ, ಕಾರ್ಡು ಹೊರಗೆಳೆಯಲು ಕಷ್ಟವಾಗುವಂತೆ ಇರುತ್ತದೆ. ಗಾಬರಿಯಾಗಬೇಡಿ, ಎಣ್ಣೆ ಹಚ್ಚಬೇಡಿ, ನೀರು ಮುಟ್ಟಿಸಬೇಡಿ. ಒಂದು ಜೇಬಿಗೆ ಒಂದೇ ಕಾರ್ಡು ಹಾಕಿ, ಒಂದು ತಿಂಗಳು ಹಾಗೇ ಇಟ್ಟುಕೊಳ್ಳಿ. ಚರ್ಮ ಕಾರ್ಡಿನ ಆಕಾರಕ್ಕೆ ತಾನೇ ಕೂರುತ್ತದೆ.